ತೌಡಿಗೆ ಮಾರಿದ ಮಗು

ಆ ಕಾದಂಬರಿಯ ಬಗ್ಗೆ ನಮ್ಮ ಚಾಳಿನಲ್ಲಿ ನಡೆದ ಮಾತುಕತೆಯನ್ನು ನಾನು ಅಂದೇ ಬರೆದಿಡಬೇಕಿತ್ತು. ಆ ಭಾನುವಾರದ ದಿನಚರಿಯಲ್ಲಿರುವುದು ಇಷ್ಟೇ: ಪುಸ್ತಕ ಮುಗಿಯಿತು, ಕೊನೆ ಯಾರಿಗೂ ಒಪ್ಪಿಗೆಯಾಗಲಿಲ್ಲ, ವಿಪರೀತ ಸೆಕೆ. ಉಳಿದದ್ದೆಲ್ಲ ನೆನಪು. ಖಾಲಿ ಜಾಗ ಕಂಡಲ್ಲಿ ನನ್ನ ನೆನಪು ತಾನಾಗಿ ಏನಾದರೂ ತುಂಬಿಬಿಡುತ್ತದೆ. ಹಾಗಾಗಿ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಹೇಳುತ್ತೇನೆ.

ಐವತ್ತರ ದಶಕದ ನಡುಭಾಗ. ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ ನಮ್ಮ ಚಾಳು. ಮೇಲಿನ ಮಾಳಿಗೆಯಲ್ಲಿ ಕನ್ನಡದವರೇ ಹೆಚ್ಚು. ವಾಚನಾಲಯದಲ್ಲಿ ಪುಸ್ತಕಕ್ಕೆ ಒಂದೇ ಪ್ರತಿ ಇರುತ್ತಿದ್ದುದರಿಂದ ಭಾನುವಾರ ಮಧ್ಯಾಹ್ನ ಕೋಣೆಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲಿ ಚಾಪೆ ಹಾಸಿ ಒಬ್ಬರು ಓದುವುದು, ಉಳಿದವರು ಕೇಳುವುದು ರೂಢಿ. ಬಿ.ಎ. ಮಾಡಿದವಳೆಂದು ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಿಮಾನ ತಲೆಯ ಮೇಲೆ ಹಾದುಹೋಗುವಾಗ ನಿಲ್ಲಿಸಬೇಕಾಗುತ್ತಿತ್ತು. ಬೇರೆ ಪುಸ್ತಕವಾದರೆ ಆ ಸಂದಿಯಲ್ಲಿ ಯಾರೋ ನೀರು ಕುಡಿಯುತ್ತಿದ್ದರು, ಯಾರೋ ಒಲೆ ನೋಡಿ ಬರುತ್ತಿದ್ದರು. ಈ ಪುಸ್ತಕಕ್ಕೆ ಮಾತ್ರ ಸದ್ದು ಅಡಗಿದ ಮೇಲೂ ಯಾರೂ ಅಲುಗಾಡುತ್ತಿರಲಿಲ್ಲ.

ಕಥೆ ಸರಳ. ಗಂಡ ಹೆಂಡತಿಗೆ ಒಬ್ಬನೇ ಮಗ. ಮುಖ ತೋರಿಸದ ಯಾರೋ ಹೇಳಿಕಳಿಸುತ್ತಾನೆ: ಹುಡುಗ ನಿಮ್ಮ ಮನೆಯಲ್ಲಿದ್ದರೆ ಉಳಿಯುವುದಿಲ್ಲ; ನಾನು ಹೇಳುವ ಹೆಂಗಸಿನ ಕೈಗೆ ಕೊಟ್ಟರೆ ಉಳಿಯುತ್ತಾನೆ, ಆದರೆ ಮತ್ತೆ ನಿಮ್ಮವನಲ್ಲ. ಅವರು ಕೊಡುತ್ತಾರೆ. ಎಷ್ಟೋ ವರ್ಷಗಳ ಮೇಲೆ ತಾಯಿ ರೈಲು ಹತ್ತಿ ಆ ಹೆಂಗಸಿನ ಮನೆ ಹುಡುಕುತ್ತಾಳೆ. ಬಾಗಿಲು ತಟ್ಟುತ್ತಾಳೆ. ಒಳಗೆ ಹೆಜ್ಜೆಯ ಸಪ್ಪಳ ಹತ್ತಿರವಾಗುತ್ತದೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಓದು ಮುಗಿದಾಗ ಮೊದಲು ಮಾತಾಡಿದವರು ಮೂಲೆಮನೆಯ ನಿವೃತ್ತ ಮಾಸ್ತರರು, ಧಾರವಾಡದವರು. ಕೊಟ್ಟದ್ದು ಸರಿ, ಹುಡುಕಿಕೊಂಡು ಹೋದದ್ದು ತಪ್ಪು ಎಂದರು. ಮೊದಲೇ ಪೊಲೀಸ್ ಚೌಕಿಗೆ ಹೋಗಿದ್ದರೆ ಹತ್ತು ಪುಟಕ್ಕೆ ಕಥೆ ಮುಗಿಯುತ್ತಿತ್ತು ಎಂದು ನನ್ನ ಗಂಡ ಗೊಣಗಿದರು. ಹಾಗೆ ಮುಗಿದಿದ್ದರೆ ಇಷ್ಟು ಭಾನುವಾರ ನಿಮ್ಮ ಮುಖ ನೋಡಿಕೊಂಡು ಕೂಡಬೇಕಾಗುತ್ತಿತ್ತು ಎಂದು ಮಾಸ್ತರರು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಇಬ್ಬರು ನಗಲಿಲ್ಲ.

ಆ ಇಬ್ಬರ ವಿಷಯ ಹೇಳಬೇಕು. ಒಬ್ಬಳು ಬಿಜಾಪುರದ ಕಡೆಯವಳು, ರೈಲ್ವೆ ಗುಮಾಸ್ತನ ಹೆಂಡತಿ. ಇನ್ನೊಬ್ಬಳು ಅವಳ ಪಕ್ಕದ ಕೋಣೆಯ ಉಡುಪಿಯವಳು. ಅವಳ ಗಂಡ ಹೋಟೆಲಿನ ಗಲ್ಲೆಯಲ್ಲಿ ಹಣ ಎಣಿಸುತ್ತ ಕೂರುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಬಿಜಾಪುರದವಳಿಗೆ ಎರಡು ಕೂಸು ಹುಟ್ಟಿ ಹುಟ್ಟಿ ಹೋಗಿದ್ದವು. ಮೂರನೆಯದು ಹೆಣ್ಣು ಹುಟ್ಟಿದ ದಿನ, ಅವರ ಕಡೆಯ ಪದ್ಧತಿಯಂತೆ, ಮಗುವನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಇಟ್ಟರು. ನೆರೆಯವರು ಒಂದು ಹಿಡಿ ತೌಡು ಕೊಟ್ಟು ಕೊಂಡುಕೊಂಡರೆ ಮಗು ಆ ಮನೆಯದಾಗುತ್ತದೆ. ಹಳೆಯ ಮನೆಗೆ ಬಂದು ರೂಢಿಯಾದ ಸಾವು ಬಾಗಿಲು ತಪ್ಪಿ ಹೋಗುತ್ತದೆ. ಉಡುಪಿಯವಳು ಎಮ್ಮೆ ಕಟ್ಟುವ ತಬೇಲಾದಿಂದ ತೌಡು ತಂದು ನಗುನಗುತ್ತ ಕೊಂಡಿದ್ದಳಂತೆ. ಮಗು ಹೆತ್ತವಳ ಮನೆಯಲ್ಲೇ ಬೆಳೆಯಿತು, ತೌಡಿನ ಹೆಸರಿನಿಂದಲೇ ಕರೆಸಿಕೊಂಡಿತು. ಆದರೆ ಹಗಲೆಲ್ಲ ಉಡುಪಿಯವಳ ಮಡಿಲು ಬಿಡುತ್ತಿರಲಿಲ್ಲ. ಹೆತ್ತವಳನ್ನು ಅವ್ವ ಎನ್ನುತ್ತಿತ್ತು, ಕೊಂಡವಳನ್ನು ಅಮ್ಮ.

ಕೊಂಡವಳು ಮುಂದೊಂದು ದಿನ ಹೆತ್ತವಳಿಗೆ ತಿರುಗಿ ಮಾರಬೇಕು. ಬಿಜಾಪುರದವರಿಗೆ ಇದು ಹೇಳಬೇಕಾದ ಮಾತೇ ಅಲ್ಲ. ಹಾಗಾಗಿ ಉಡುಪಿಯವಳಿಗೆ ಕೊಳ್ಳುವುದನ್ನು ಹೇಳಿಕೊಟ್ಟವರು ಮಾರುವುದನ್ನು ಹೇಳಿರಲಿಲ್ಲ.

ಹುಡುಗಿಗೆ ಐದು ತುಂಬಿತ್ತು. ಉಡುಪಿಯವಳ ಗಂಡ ಊರಲ್ಲಿ ಅಣ್ಣನ ಹೋಟೆಲಿಗೆ ಸೇರುವವನಿದ್ದ. ಮಳೆಗಾಲದಲ್ಲಿ ಊರಿನ ಕಡೆಯ ಹಡಗು ನಿಲ್ಲುತ್ತದೆ. ಅದಕ್ಕೆ ಮೊದಲೇ ಹೊರಡಬೇಕಿತ್ತು. ತಿರುಗಿ ಮಾರು ಎಂದು ಅಂಗಲಾಚಿ ಕೇಳಿದಾಗಲೆಲ್ಲ ಅವಳು ನಾಳೆ, ನಾಡಿದ್ದು ಎನ್ನುತ್ತಾಳೆ ಎಂದು ಬಿಜಾಪುರದವಳು ನಳದ ಹತ್ತಿರ ನನಗೆ ಹೇಳಿದ್ದಳು. "ಆಕಿ ಮಾರದನ ಹೋದ್ರ ಕೂಸು ಆಕೀದೂ ಅಲ್ಲ, ನಂದೂ ಅಲ್ರಿ ಅಕ್ಕಾರ. ಯಾರದೂ ಅಲ್ಲದ ಕೂಸು ಎಷ್ಟು ದಿನ ಇರ್ತದ?" ಓದಿದವಳಾಗಿ ನಾನು ಏನೋ ಸಮಾಧಾನ ಹೇಳಿರಬೇಕು. ಏನು ಹೇಳಿದೆನೋ ನೆನಪಿಲ್ಲ. ಕೊಡ ತುಂಬಿ ನೀರು ಕಾಲ ಮೇಲೆ ಹರಿದದ್ದು ಮಾತ್ರ ನೆನಪಿದೆ.

ಭಾನುವಾರಕ್ಕೆ ಬರುತ್ತೇನೆ. ಎಂದೂ ಅಭಿಪ್ರಾಯ ಹೇಳದ ಉಡುಪಿಯವಳು ಅಂದು ಬಾಯಿ ಬಿಟ್ಟಳು. ಹುಡುಗಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು.

"ಆ ತಾಯಿಗೆ ಮಗು ಬದುಕಬೇಕಿತ್ತು, ಬದುಕಿತು. ಮತ್ತೆ ಬಾಗಿಲು ತಟ್ಟಲಿಕ್ಕೆ ಎಂತಕ್ಕೆ ಹೋಗುವುದು?"

ಬಿಜಾಪುರದವಳು ಎದ್ದು ಒಳಗೆ ಹೋದಳು. ಅಷ್ಟರಲ್ಲಿ ವಿಮಾನವೊಂದು ಬಂತು. ಸದ್ದು ಅಡಗಿದಾಗ ಅವಳು ಬರಿ ಮೊರವನ್ನು ನಮ್ಮೆಲ್ಲರ ನಡುವೆ ಇಟ್ಟು ನಿಂತಿದ್ದಳು. ಸೆರಗಿನಲ್ಲಿ ತೌಡು.

"ನನ್ನ ಕೂಸು ನನಗ ಮಾರಕ್ಕಾ."

"ತೌಡು ಹಾಕ್ಲಿಕ್ಕೆ ನಮ್ಮಲ್ಲಿ ದನ ಉಂಟಾ ಮಾರಾಯ್ತಿ?"

ಯಾರೋ ನಕ್ಕರು. ನಾನೇ ಇರಬಹುದು.

"ಕೊಳ್ಳಾಕ ಬಂತು. ಮಾರಾಕ ಬರೂದಿಲ್ಲೇನು?"

ಉಡುಪಿಯವಳು ಜಡೆಯ ತುದಿ ಕಟ್ಟಿದಳು. "ಮಾರಬೇಕು ಅಂತ ನೀನು ಆಗ ಹೇಳ್ಲಿಲ್ಲ. ಕೊಂಡದ್ದು ಕೊಂಡದ್ದೇ ಅಂತ ನಾನು ತಿಳ್ಕೊಂಡಿದ್ದೆ."

ಈ ಮಾತು ಹೇಳುವಾಗ ಅವಳು ಯಾರನ್ನು ನೋಡುತ್ತಿದ್ದಳು ಎಂಬುದು ನನಗೆ ಖಚಿತವಿಲ್ಲ. ಮಾಸ್ತರರು ಮಧ್ಯೆ ಬಂದು ಇದೆಲ್ಲ ಬರಿಯ ನಂಬಿಕೆ ಎಂದು ತಿಳಿಹೇಳಲು ನೋಡಿದರು. ಇಬ್ಬರೂ ಅವರತ್ತ ತಿರುಗಲಿಲ್ಲ. ಕೊನೆಗೆ ಉಡುಪಿಯವಳು ಮಗುವನ್ನು ಮಡಿಲಿನಿಂದ ಇಳಿಸಿ, ಎರಡು ಹೆಗಲು ಹಿಡಿದು, ಮೊರದಲ್ಲಿ ನಿಲ್ಲಿಸಿದಳು. ಬಿದಿರು ಕಿರುಗುಟ್ಟಿತು. ಬಿಜಾಪುರದವಳು ಅವಳ ಅಂಗೈಗೆ ಒಂದು ಹಿಡಿ ತೌಡು ಸುರಿದಳು.

ಅದನ್ನು ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಅವಳು ಅದನ್ನು ಬಾಯಿಗೆ ಹಾಕಿಕೊಂಡಳು. ಅಷ್ಟನ್ನೂ. ಒಣ ತೌಡನ್ನು ಅಗಿದು ಅಗಿದು ನುಂಗಿದಳು. ಕಣ್ಣಲ್ಲಿ ನೀರು ಬಂತು. ತೌಡು ಗಂಟಲಿಗೆ ಹತ್ತಿದ್ದಕ್ಕೋ ಏನೋ. ಯಾರೂ ನೀರು ಕೊಡಲಿಲ್ಲ. ಮಗು ಮೊರದಲ್ಲಿ ನಿಂತು ಅವಳ ಬಾಯಿಯನ್ನೇ ನೋಡುತ್ತಿತ್ತು.

"ಮಾರಿದೆ," ಎಂದಳು.

ಎರಡು ದಿನಕ್ಕೆ ಉಡುಪಿಯವರ ಕೋಣೆಗೆ ಬೀಗ ಬಿತ್ತು. ಬಂದರಿಗೆ ಹೊರಟಾಗ ಬಿಜಾಪುರದವಳು ಮಗುವನ್ನು ಹೊರಗೆ ಬಿಡಲಿಲ್ಲ. ಆಮೇಲೊಮ್ಮೆ ನನ್ನ ಹತ್ತಿರ ಆ ಪುಸ್ತಕದ ಮಾತೆತ್ತಿದಳು. ಬರೆದವರಿಗೆ ಏನೂ ತಿಳಿಯದು, ಹೆತ್ತವರ ಸಂಕಟವನ್ನು ಅಷ್ಟು ಬರೆದಿದ್ದಾರೆ, ಒಳಗಿನಿಂದ ಬಾಗಿಲು ತೆಗೆಯಲು ಬರುವವಳ ಬಗ್ಗೆ ಒಂದು ಸಾಲೂ ಇಲ್ಲ ಎಂದಳು. 

ತಿರುಗಿ ಕೊಂಡ ಮಗುವಿಗೆ ಹೊಸ ಹೆಸರಿಡಬೇಕು. ಒಂದು ಶುಕ್ರವಾರ ಸಕ್ಕರೆ ಹಂಚಿ ದೇವರ ಹೆಸರಿಟ್ಟರು. ಮರುದಿನ ಬೆಳಗ್ಗೆ ನಾನು ಗ್ಯಾಲರಿಯಲ್ಲಿ ಬಟ್ಟೆ ಹರವುತ್ತಿದ್ದೆ. ಹುಡುಗಿ ಬೀಗ ಹಾಕಿದ ಕೋಣೆಯ ಹೊಸ್ತಿಲ ಮೇಲೆ ಕೂತಿತ್ತು. ಅವ್ವ ತನ್ನ ಬಾಗಿಲಲ್ಲಿ ನಿಂತು ಹೊಸ ಹೆಸರು ಹಿಡಿದು ಕೂಗಿದಳು. ಹುಡುಗಿ ಅಲುಗಲಿಲ್ಲ. ಮತ್ತೆ ಕರೆದಳು, ಈ ಸಲ ಮೆಲ್ಲಗೆ. ಆಗ ಹುಡುಗಿ ತಲೆಯೆತ್ತಿ ಗ್ಯಾಲರಿಯ ಉದ್ದಕ್ಕೂ ನೋಡಿತು, ನನ್ನನ್ನು ದಾಟಿ, ಮೆಟ್ಟಿಲಿನ ತನಕ, ಕರೆಸಿಕೊಂಡ ಹುಡುಗಿ ಎಲ್ಲಿದ್ದಾಳೆಂದು ಹುಡುಕುವಂತೆ. ನಾನೂ ತಿರುಗಿ ನೋಡಿದೆ.