ಗಿರಣಿಗೆ ಹೋದ ಬಾರ್ಲಿ

ಈ ಬೆಳಿಗ್ಗೆ ಮಣಿಕೊಂಡದ ನಮ್ಮ ಅಡುಗೆಮನೆಯಲ್ಲಿ ಮಾಲ್ಟ್ ಸಾರದ ಡಬ್ಬಿ ತೆರೆದೆ. ಕಾಕಂಬಿಯಂಥ ವಾಸನೆ ಬಂತು, ಅದರ ಹಿಂದೆಯೇ ಸಿಕಂದರಾಬಾದಿನ ರಾಜಪ್ಪ ಕಾಕಾ ನೆನಪಾದರು.

ನೀವು ಮನೆಯಲ್ಲಿ ಬಿಯರ್ ಮಾಡಿದವರಲ್ಲದಿದ್ದರೆ ಒಂದು ಮಾತು ಹೇಳಿಬಿಡುತ್ತೇನೆ. ಅದಕ್ಕೆ ಎರಡು ದಾರಿ. ಒಂದು ನನ್ನಂಥ ಸೋಮಾರಿಗಳದು. ಬಾರ್ಲಿಯ ಸಿಹಿರಸವನ್ನು ಕಾರ್ಖಾನೆಯವರೇ ಬತ್ತಿಸಿ ಡಬ್ಬಿಗೆ ತುಂಬಿರುತ್ತಾರೆ. ನೀರಿಗೆ ಸುರಿದು, ಕಹಿಗೆಂದು ಹಾಪ್ಸ್ ಎಂಬ ಒಣಹೂ ಹಾಕಿ ಕುದಿಸಿ, ಆರಿಸಿ ಯೀಸ್ಟ್ ಬೆರೆಸಿದರೆ ನಮ್ಮ ಕೆಲಸ ಮುಗಿಯಿತು. ಇನ್ನೊಂದು ಕಾಕಾ ಅವರದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಕಾಳನ್ನೇ ತಂದು, ಒಡೆದು, ಬಿಸಿನೀರಿನಲ್ಲಿ ಗಂಟೆಹೊತ್ತು ನೆನೆಸಿ, ರಸ ಸೋಸಿಕೊಂಡು ಆಮೇಲೆ ಕುದಿಸುವುದು. ಅರ್ಧ ದಿನ ಅದಕ್ಕೇ ಹೋಗುತ್ತದೆ. ಕಾಕಾ ಬಾಗಲಕೋಟೆಯವರು, ರಕ್ಷಣಾ ಕಾರ್ಖಾನೆಯಲ್ಲಿ ಅಳತೆ ನೋಡೀ ನೋಡೀ ನಿವೃತ್ತರಾದವರು. ಜೇಬಿನಲ್ಲಿ ಪೆನ್ನಿನ ಜೊತೆ ಥರ್ಮಾಮೀಟರ್ ಇರುತ್ತಿತ್ತು. ನನ್ನ ಬಿಯರನ್ನು "ಡಬ್ಬಿ ಅಡಗಿ" ಎಂದು ಹೀಯಾಳಿಸುತ್ತಿದ್ದರು. ಗ್ಲಾಸು ಖಾಲಿ ಮಾಡದೆ ಎದ್ದದ್ದು ಮಾತ್ರ ನಾನು ನೋಡಿಲ್ಲ.

ಒಂದು ವರ್ಷ ಜ್ವರ ಬಂದು ಹೋದ ಮೇಲೆ ಅವರ ಮೂಗಿಗೆ ಯಾವ ವಾಸನೆಯೂ ಹತ್ತದಾಯಿತು. ತಿಂಗಳುಗಳು ಕಳೆದವು. ಬಿಯರಿನ ಪಾತ್ರೆಗಳು ಅಟ್ಟ ಸೇರಿದವು, ಮಾತೂ ಕಡಿಮೆಯಾಯಿತು.

"ಒಗ್ಗರಣಿ ಹೊತ್ತಿದ್ರೂ ಇವ್ರಿಗೆ ಗೊತ್ತಾಗವಲ್ದು ನೋಡಪಾ," ಎಂದು ಅವರ ಹೆಂಡತಿ, ನಮ್ಮ ಕಾಕು, ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ.

ಕಾಕಾರನ್ನು ಮತ್ತೆ ಒಲೆಯ ಮುಂದೆ ನಿಲ್ಲಿಸಬೇಕೆಂದು ನಾನೇ ಕಾಳು ಕೊಂಡೆ. ಒಡೆಸಲು ನಾರಾಯಣಗೂಡದ ಗಿರಣಿಗೆ ಹೋದೆ. ಹುಟ್ಟಿದಾಗಿನಿಂದ ಗಿರಣಿಗೆ ಜೋಳ ಹೊತ್ತ ಜನ ನಾವು. ಬಾಯಿ ತನ್ನಷ್ಟಕ್ಕೆ "ಭಾಯ್, ಏಕ್‌ದಮ್ ಬಾರೀಕ್" ಎಂದುಬಿಟ್ಟಿತು. ಅವನೂ ನಿಷ್ಠೆಯಿಂದ ನುಣ್ಣಗೆ ಬೀಸಿಕೊಟ್ಟ.

ಕಾಕಾ ಅವರ ಮನೆಗೆ ಒಯ್ದು, ಅಟ್ಟದಿಂದ ಪಾತ್ರೆ ಇಳಿಸಿ, ಬಿಸಿನೀರಿಗೆ ಹಾಕಿದ್ದೇ ತಡ, ಗಂಜಿ! ಪಾತ್ರೆಯ ನಲ್ಲಿ ತಿರುಗಿಸಿದರೆ ಒಂದು ಹನಿಯೂ ಇಳಿಯಲಿಲ್ಲ.

"ಏನ್ ಮಾಡಿದ್ಯೋ ತಮ್ಮಾ! ಸಿಪ್ಪಿ ಇಡೀ ಉಳಿದ್ರ ಅದ ಜರಡಿ ಆಗ್ತೈತಿ. ಇದು ರೊಟ್ಟಿಹಿಟ್ಟ ಆತಲ್ಲ!"

ಬೈಯುತ್ತಲೇ ಕಾಕಾ ಬಾಗಿ ಸೌಟಿನಿಂದ ಕೆದಕಿದರು. ಎಷ್ಟೋ ದಿನಗಳ ಮೇಲೆ ಅವರು ಬೈದದ್ದು ಕೇಳಿ ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಸೌಟು ನಿಂತಿತು.

"ಅಂಬಲಿ ವಾಸನಿ ಬರಾಕತ್ತೈತಿ," ಎಂದರು, ಮೆಲ್ಲಗೆ.

ಕಾಕು ಓಡಿಹೋಗಿ ಇಂಗು, ಕೊತ್ತಂಬರಿ, ಕಾಫಿಪುಡಿ ತಂದು ಮೂಗಿಗೆ ಹಿಡಿದರು. ಒಂದೂ ಹತ್ತಲಿಲ್ಲ. ಕಾಕಾ ಮತ್ತೆ ಆ ಗಂಜಿಯ ಹಬೆಗೇ ಮುಖವಿಟ್ಟು ನಿಂತರು. ಕೊನೆಗೆ ಅದನ್ನು ಹಳೆಯ ಧೋತರದಲ್ಲಿ ಮೂವರೂ ಸೇರಿ ಹಿಂಡಿದೆವು. ಬಿಯರ್ ರಾಡಿಯಾಯಿತು. ಉಳಿದ ವಾಸನೆಗಳು ಒಂದೊಂದಾಗಿ ಆಮೇಲೆ ಮರಳಿದವು.

ಡಬ್ಬಿಯ ಬಿಯರ್ ಕೆಟ್ಟದ್ದೆಂದು ನಾನು ಇಂದಿಗೂ ಹೇಳಲಾರೆ. ಆದರೆ ಕಾಳು ನೆನೆಯುವ ಆ ಒಂದು ಗಂಟೆಯನ್ನು ಯಾವ ಕಾರ್ಖಾನೆಯೂ ಡಬ್ಬಿಗೆ ತುಂಬಿಲ್ಲ. ಮುಚ್ಚಳ ಹಾಕಿ ಕಾಕಾರಿಗೆ ಫೋನು ಮಾಡಿದೆ.

"ಕಾಳು ಅದಾವೇನ್ರಿ ಕಾಕಾ?"

"ಅದಾವ, ಬಾ. ಒಡದ ಇಟ್ಟೀನಿ. ಬಂದ ಮ್ಯಾಲ ಅದರಾಗ ಒಂದ ಮುಷ್ಟಿ ಮಾತ್ರ ಗಿರಣ್ಯಾಗ ಸಣ್ಣಗ ಬೀಸಿಸ್ಕೊಂಡ ಬಾ, ಅಂಬಲಿ ವಾಸನಿಗೆ."