ಅತ್ತಿ ಓದದೆ ಬಿಟ್ಟ ಸಾಲು

ಇವತ್ತು ಬೀದರದ ಚೌಬಾರಾ ಹತ್ತಿರ ಶೇಂಗಾ ಕೊಂಡೆ. ಕಟ್ಟಿಕೊಟ್ಟದ್ದು ಹಳೆಯ ಉರ್ದು ಅರ್ಜಿಯಲ್ಲಿ. ಮೊನ್ನೆಮೊನ್ನೆಯವರೆಗೆ ಕಚೇರಿಯನ್ನಾಳಿದ ಲಿಪಿ ಈಗ ಶೇಂಗಾ ಹೊರುತ್ತಿದೆ. ನೌಕರಿಗಾಗಿ ಕಲಿತ ವಿದ್ಯೆಯ ಆಯುಷ್ಯ ಇಷ್ಟೇ ನೋಡಿ, ಎಂದುಕೊಂಡೆ. ನಾನು ಚರ್ಚಾಕೂಟದವನು, ಎದುರುವಾದ ಹೂಡದೆ ಉಂಡದ್ದು ಅರಗುವುದಿಲ್ಲ.

ನೌಕರಿಯ ಆಸೆಯೇ ಇಲ್ಲದೆ ಆ ಲಿಪಿ ಕಲಿತವಳು ಭಾಲ್ಕಿಯ ನನ್ನ ಸೋದರತ್ತಿ. ಲಿಂಗಪೂಜೆ, ಅಡಿಗೆ ಮುಗಿಸಿ, ಹಣೆಯ ವಿಭೂತಿಯೊಂದಿಗೇ ಪಕ್ಕದ ಮನೆಯ ಹಲೀಮಾಬೀಯ ಅಂಗಳದಲ್ಲಿ ಪಾಟಿ ಹಿಡಿದು ಕೂಡುತ್ತಿದ್ದಳು.

"ಯಾಕತ್ತಿ, ತಹಸೀಲ ಕಚೇರಿಯಾಗ ಮುನ್ಶಿ ಆಗಾಕೇನು?" ಎಂದು ಕಾಡುತ್ತಿದ್ದೆ.

"ಹೌದೋ. ಆದಮ್ಯಾಲ ಮೊದಲ ನಿನ್ನ ಅರ್ಜಿ ಹರೀತೇನಿ."

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ವಾರ ಅದೇ ಅಂಗಳದಲ್ಲಿ ಗುಂಪು ಸೇರಿತು, ಕೊಡಲಿಗಳ ಸಮೇತ. ಹಲೀಮಾಬೀಯ ಪೆಟ್ಟಿಗೆಯಲ್ಲಿ ಉರ್ದು ಕಾಗದವೊಂದು ಸಿಕ್ಕಿತ್ತು. ನಮ್ಮವರಿಗೆ ಉರ್ದುವಿನಲ್ಲಿದ್ದದ್ದೆಲ್ಲ ಸರಕಾರದ್ದು, ಇಲ್ಲವೇ ನಿಜಾಮನ ಪರ ಹಳ್ಳಿಗಳನ್ನು ಸುಟ್ಟ ರಜಾಕಾರರದ್ದು. ಆ ಲಿಪಿಯಲ್ಲಿ ಮಗನೊಬ್ಬ ತಾಯಿಗೆ ಬರೆದಾನು ಎಂಬುದು ಯಾರಿಗೂ ಹೊಳೆಯಲಿಲ್ಲ.

"ಊರು ಸುಡೋರ ಯಾದಿ ಐತಿ ಇದು!" ಎಂದನೊಬ್ಬ.

ಅತ್ತಿ ನುಗ್ಗಿ ಬಂದು ಕಾಗದ ಕಸಿದಳು. "ಓದಾಕ ಬರ್ತದೇನು ನಿನಗ? ನಾ ಓದ್ತೇನಿ, ಕೇಳ್ರಿ." ಕನ್ನಡ ಮಾಡಿ ಗಟ್ಟಿಯಾಗಿ ಓದಿದಳು. ಹೈದರಾಬಾದಿನಲ್ಲಿದ್ದ ಮಗನ ಪತ್ರ: ಅವನಿಗೆ ಕೆಮ್ಮು, ಖಾನಾವಳಿಯ ಸಾರು ಬರೀ ನೀರು, ಔರಾದಿನ ತಂಗಿಯ ಹೆರಿಗೆ ಆಯಿತೇ? ಯಾರೋ ನಕ್ಕರು. ಕೊಡಲಿಗಳು ಮನೆಗೆ ಹೋದವು.

ವಿದ್ಯೆಯೆಂದರೆ ಇದ್ದದ್ದನ್ನು ಇದ್ದಂತೆ ಓದಿ ಹೇಳುವ ಧೈರ್ಯ ಎಂದು ಈ ಕಥೆ ಹೇಳಿ ಮೊನ್ನೆ ಚರ್ಚೆ ಗೆದ್ದೆ. ಅತ್ತಿ ಈಗ ಇಲ್ಲೇ ಮೈಲೂರಿನ ಮಗಳ ಮನೆಯಲ್ಲಿದ್ದಾಳೆ. ಶೇಂಗಾ ಹಿಡಿದು ಹೋಗಿ ಅದನ್ನೇ ಹೇಳಿಕೊಂಡೆ.

"ಪೂರಾ ಎಲ್ಲಿ ಓದೀನೋ? ಒಂದು ಸಾಲು ಬಿಟ್ಟೆ," ಎಂದಳು. "'ಗೆಳೆಯಾರೆಲ್ಲಾ ರಜಾಕಾರರಾಗ್ಯಾರ, ನಾನೂ ಸೇರಲೇನು ಅಮ್ಮೀ?' ಅಂತ ಕೇಳಿದ್ದ. ಹಲೀಮಾ ಬೈದು ಬರದಿದ್ಲು. ಸೇರಲಿಲ್ಲ ಅವ."

"ಅಂದ್ರ ಸುಳ್ಳು ಓದಿದಿ!"

"ಆ ಒಂದು ಶಬ್ದ ಕಿವಿಗಿ ಬಿದ್ದಮ್ಯಾಲ ಆ ಮಂದಿ ಉಳಿದದ್ದು ಕೇಳತಿದ್ರೇನು? ನೀ ಆದ್ರ ಓದ್ತಿದ್ದೇನು, ಹೇಳು."

ಓದುತ್ತಿದ್ದೆ ಎಂದರೆ ಹಲೀಮಾಬೀ ಉಳಿಯುವುದಿಲ್ಲ. ಬಿಡುತ್ತಿದ್ದೆ ಎಂದರೆ ನನ್ನ ಭಾಷಣ ಉಳಿಯುವುದಿಲ್ಲ. ಆದರೂ ಸೋಲೊಪ್ಪದೆ ಕೇಳಿದೆ: "ಗುಂಪಿನಾಗ ಇನ್ನೊಬ್ಬಂಗ ಉರ್ದು ಬರ್ತಿತ್ತಂದ್ರ?"

"ಎಲ್ಲಿ ಕಲ್ತಾನ ಅನ್ನೋದರ ಮ್ಯಾಲ ಅದ. ಕಚೇರಿಯಾಗ ಕಲ್ತಿದ್ರ ನನ್ನ ಹಿಡದು ಕೊಡ್ತಿದ್ದ. ಆಕಿ ಅಂಗಳದಾಗ ಕುಂತು ಕಲ್ತಿದ್ರ ತಾನೂ ಬಾಯಿ ಮುಚ್ಚತಿದ್ದ."

ಶೇಂಗಾ ಕಟ್ಟಿದ್ದ ಅರ್ಜಿಯನ್ನು ಅವಳ ಮುಂದೆ ಹಿಡಿದೆ. "ನನಗೂ ಕಲಸ್ತೀಯೇನತ್ತಿ?" ಎಂದೆ.

"ನನ್ನ ಯಾಕ ಕೇಳ್ತಿ? ಹಲೀಮಾನ ಕಡಿ ಹೋಗು."

ಸೋಮವಾರ ಭಾಲ್ಕಿಗೆ ಹೊರಟಿದ್ದೇನೆ.