ನೀರು ಕುಡಿಸಿದ ಕಬ್ಬಿಣ

ವಕೀಲರ ಫಟಫಟಿ ಬಿದ್ದದ್ದು ನಿನ್ನ ಎತ್ತಿನಿಂದಲ್ಲ, ಲಗಮಪ್ಪ — ನನ್ನಿಂದ. ಆ ನಿನ್ನ ಹಂಡ್ಯಾನ ಬೆನ್ನ ಮೇಲಿನ ಕೂದಲ ಸುಳಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮೂರ ಚಾವಡಿಯಲ್ಲಿ ನಿಂತು ಸುಳ್ಳು ಹೇಳಿದೆ. ಆ ಸುಳ್ಳನ್ನು ತಲೆ ಹಣ್ಣಾಗುವವರೆಗೆ ಸಾಕಿಕೊಂಡು ಬಂದೆ.

ಜರ್ಮನಿಯ ಯುದ್ಧ ಮುಗಿದ ಹೊಸದು. ಬೈಲಹೊಂಗಲಕ್ಕೆಲ್ಲ ಇದ್ದ ಮೋಟಾರು ಸೈಕಲ್ಲು ಒಂದೇ, ವಕೀಲ ರಾಮರಾಯರ ಫಟಫಟಿ. ಅದರ ಸದ್ದು ಕೇಳಿದರೆ ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಒಂದು ದಿನ ಕಿತ್ತೂರಿನ ದಾರಿಯಲ್ಲಿ ರಾಯರು ಅದನ್ನು ಹುಣಸೆ ಮರಕ್ಕೆ ಗುದ್ದಿದರು. ಅವರಿಗೆ ಮೈ ತರಚಿತು, ಫಟಫಟಿಗೆ ಮಾತ್ರ ಮೂಗು, ಮೋರೆ ಒಂದೂ ಉಳಿಯಲಿಲ್ಲ. ಅದನ್ನು ನಮ್ಮ ಕುಲುಮೆಗೆ ಹೇರಿಕೊಂಡು ಬಂದದ್ದು ನಿನ್ನ ಎತ್ತಿನ ಚಕ್ಕಡಿಯೇ. ಹತ್ತಿ ಇಳಿಸಿ ಖಾಲಿ ಹೊರಟವನು ನೀನು, ದಾರಿಯಲ್ಲಿ ಬಿದ್ದವರನ್ನು ಬಿಟ್ಟು ಬರುವ ಜಾತಿಯವನಲ್ಲ.

ಅಪ್ಪ ಆಗ ರಾಮದುರ್ಗದಲ್ಲಿದ್ದ, ಅಕ್ಕನ ಮನೆಗೆ ಕದ ಕೂರಿಸುವ ಕೆಲಸಕ್ಕೆ ಹೋಗಿ. ಬರುವವರೆಗೆ ಕಾಯಬಹುದಿತ್ತು. ಆದರೆ ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ — ನಾನೂ ಹಾಗೆಯೇ. ಫಟಫಟಿಯನ್ನು ಅಂಗಳದಲ್ಲಿ ಬಿಚ್ಚಿ ಹರವಿದೆ. ಒಂದೊಂದು ತಿರುಪನ್ನೂ ಸೀಮೆಎಣ್ಣೆಯಲ್ಲಿ ತೊಳೆದೆ. ಎಂಜಿನ್ನಿನ ಹೊಟ್ಟೆಯೊಳಗೆ ಏನಿದೆಯೆಂದು ನೋಡಿ, ತಿಳಿದದ್ದು ಸ್ವಲ್ಪ, ತಿಳಿದಂತೆ ತಲೆಯಾಡಿಸಿದ್ದು ಬಹಳ. ಮುಂದಿನ ಗಾಲಿಯನ್ನು ಹಿಡಿದಿರುವ ಉಕ್ಕಿನ ಕವಲು ಬಾಗಿ ಹೋಗಿತ್ತು. ಅದನ್ನು ಕೆಂಪಗೆ ಕಾಸಿ, ಕುಲುಮೆಯ ಅಡಿಗಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿದೆ. ಅಲ್ಲಿಗೆ ನಿಲ್ಲಿಸಿದ್ದರೆ —

ನಿಲ್ಲಿಸಲಿಲ್ಲ. ನೇಗಿಲಿನ ಕುಳವನ್ನು ಕಾಸಿ ಬಡಿದ ಮೇಲೆ ಕೆಂಪಗಿರುವಾಗಲೇ ನೀರಿಗೆ ಅದ್ದುತ್ತೇವಲ್ಲ, ನೀರು ಕುಡಿಸುವುದು ಎನ್ನುತ್ತೇವಲ್ಲ, ಹಾಗೆ ಅದ್ದಿದೆ. ನೀರು ಕುಡಿದ ಕಬ್ಬಿಣ ಗಟ್ಟಿಯಾಗುತ್ತದೆ, ಕಲ್ಲುನೆಲ ಸೀಳುತ್ತದೆ. ಆದರೆ ಅದಕ್ಕೆ ಬಾಗುವುದು ಗೊತ್ತಿಲ್ಲ, ಏಟು ಬಿದ್ದರೆ ಮುರಿಯುವುದೇ. ಅದಕ್ಕೇ ಅಪ್ಪ ನನಗೆ ತಿದಿ ಒತ್ತಲು ಕಲಿಸುವಾಗಲೇ ಹೇಳಿದ್ದ: “ಕುಳಕ್ಕ ನೀರ ಕುಡಸು, ಅಚ್ಚಿಗೆ ಕುಡಸಬ್ಯಾಡ.” ಚಕ್ಕಡಿಯ ಅಚ್ಚು ಭಾರ ಹೊರಬೇಕು, ಕುಲುಕಾಟ ತಾಳಬೇಕು. ಫಟಫಟಿಯ ಕವಲೂ ಅಂಥದೇ ಎಂದು ನನಗೆ ಹೊಳೆಯಲಿಲ್ಲ. ದಾರಿಗೆ ಎಲ್ಲಕ್ಕಿಂತ ಮೊದಲು ಎದುರಾಗುವುದು ಅದು, ಕುಳದ ಹಾಗೆ, ಗಟ್ಟಿಯಿರಲಿ ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಗಾಡಿ ಎದ್ದು ಓಡಿತು. ಊರು ನನ್ನನ್ನು ಮಿಸ್ತ್ರಿ ಎಂದು ಕರೆಯಿತು. ಮುಂದಿನ ವಾರವೇ ರಾಯರು ಸವದತ್ತಿಯ ಕೋರ್ಟಿಗೆ ಹೊರಟರು. ಯರಗಟ್ಟಿ ದಾಟಿದ ಮೇಲೆ, ಎದುರಿಗೆ ನೀನು ಚಕ್ಕಡಿಯನ್ನು ದಾರಿಯ ಅಂಚಿಗೆ ತಂದು ನಿಲ್ಲಿಸಿದ್ದಾಗ, ಅವರು ಬಿದ್ದರು. ಕಾಲು ಮುರಿಯಿತು. ಸಾಯುವವರೆಗೆ ಕುಂಟಿದರು, ಅವರಿಗೂ ನಾನು ಹೇಳಲಿಲ್ಲ.

ಚಾವಡಿಯಲ್ಲಿ ಜನ ಕೂಡಿದರು. ಬಿದ್ದದ್ದು ಹೇಗೆಂದು ರಾಯರಿಗೇ ತಿಳಿದಿರಲಿಲ್ಲ; ಎತ್ತು ಬೆದರಿ ಅಡ್ಡ ಬಂತು ಎಂದು ಯಾರೋ ಅಂದರು. ನೀನು ಮತ್ತೆ ಮತ್ತೆ ಒಂದೇ ಮಾತು ಹೇಳಿದೆ: “ಹಂಡ್ಯಾ ನಿಂತಲ್ಲೇ ನಿಂತಿತ್ತರಿ. ನಾ ಕಣ್ಣಾರೆ ನೋಡೇನಿ.” ಆಗ ಗೌಡರು ನನ್ನ ಕಡೆ ತಿರುಗಿದರು.

“ನೀ ಹೇಳಪಾ ಮಾನಪ್ಪ. ಕಬ್ಬಣದಾಗ ಏನರ ತಪ್ಪ ಐತೇನು?”

ಬಿದ್ದ ಗಾಡಿ ಮತ್ತೆ ನಮ್ಮ ಕುಲುಮೆಗೇ ಬಂದಿತ್ತು, ಮುರಿದ ಕವಲನ್ನು ನಾನು ಅದಾಗಲೇ ನೋಡಿದ್ದೆ. ಎತ್ತಿಗೆ ಗುದ್ದಿದ ಕಬ್ಬಿಣವಾಗಿದ್ದರೆ ಡೊಂಕಾಗಬೇಕಿತ್ತು. ಇದು ಕಲ್ಲುಸಕ್ಕರೆ ಒಡೆದ ಹಾಗೆ ಕಟಕ್ಕೆಂದು ಮುರಿದಿತ್ತು, ಮುರಿದ ಮೈ ಹರಳು ಹರಳಾಗಿತ್ತು. ಕಮ್ಮಾರನ ಮಗನಿಗೆ ಇನ್ನೇನು ಸಾಕ್ಷಿ ಬೇಕು? ಚಾವಡಿಗೆ ಬರುವ ಮೊದಲೇ ಆ ಹರಳುಗಳನ್ನು ಸಾಣೆಕಲ್ಲಿಗೆ ಉಜ್ಜಿ ಅಳಿಸಿದ್ದೆ. ಅಂದಮೇಲೆ, ಹೆದರಿ ಬಾಯಿ ತಪ್ಪಿತು ಎಂದು ಹೇಳುವ ಹಾಗೂ ಇಲ್ಲ.

“ಕಬ್ಬಣದಾಗ ಏನೂ ತಪ್ಪಿಲ್ಲರಿ,” ಅಂದೆ.

ಕಬ್ಬಿಣದ್ದಲ್ಲ ಎಂದಮೇಲೆ ಎತ್ತಿನದೇ ಆಗಬೇಕಲ್ಲ. ಹಿರಿಯರು ಹಂಡ್ಯಾನ ಮೈ ಸವರಿ ನೋಡಿದರು, ಬೆನ್ನ ಮೇಲೆ ಕೂದಲ ಸುಳಿಯೊಂದು ಸಿಕ್ಕಿತು. ಹುಡುಕಿದರೆ ಯಾವ ಎತ್ತಿನ ಮೈಮೇಲೆ ಸಿಗುವುದಿಲ್ಲ? ಸುಳಿ ಕೆಟ್ಟ ಎತ್ತು, ಸವಾರನನ್ನು ಬೀಳಿಸುವ ಎತ್ತು ಎಂದು ತೀರ್ಮಾನವಾಯಿತು. ನಿನ್ನ ಚಕ್ಕಡಿಗೆ ಹತ್ತಿ ಹೇರುವವರು ಇಲ್ಲದಂತಾದರು. ಕರುವಾಗಿದ್ದಾಗಿನಿಂದ ನಿನ್ನ ಕೈಯಿಂದ ಹಿಂಡಿ ತಿಂದ ಹಂಡ್ಯಾ ಸಂತೆಯಲ್ಲಿ ಗುರುತಿಲ್ಲದವರ ಪಾಲಾಯಿತು. ಹಗ್ಗ ಕೊಟ್ಟು ತಿರುಗಿ ನೋಡದೆ ಬಂದೆಯಂತೆ. ಬಂದವನು ನನ್ನ ಹತ್ತಿರ ಕೂತು ಹೇಳಿದೆ: “ಬೆದರಿದ್ದ ಖರೇನ ಇರಬೇಕು ಮಾನಪ್ಪ. ನೀ ಏನ ಸುಳ್ಳ ಹೇಳತಿ? ನನ್ನ ಕಣ್ಣ ತಪ್ಪಿರಬೇಕು.”

ಎತ್ತು ಹೋದದ್ದಕ್ಕಿಂತ ನನಗೆ ಆ ಮಾತು — ಅದನ್ನು ನೆನೆದರೆ ಈಗಲೂ ತಾಳಲಾರೆ.

ಅಪ್ಪ ರಾಮದುರ್ಗದಿಂದ ಬಂದವನು ಕವಲಿನ ಮುರಿಯದೆ ಉಳಿದ ಕಾಲಿನ ಮೇಲೆ ಅರ ಎಳೆದು ನೋಡಿದ. ಅರ ಕಚ್ಚದೆ ಕಿರ್ರೆಂದು ಜಾರಿತು, ನೀರು ಕುಡಿದ ಕಬ್ಬಿಣದ ಗುರುತೇ ಅದು. ನನ್ನ ಮುಖ ನೋಡಲಿಲ್ಲ. “ಇದನ್ನ ಮತ್ತ ಕಾಸಿ ಬೂದ್ಯಾಗ ಆರಸು,” ಎಂದಷ್ಟೇ ಹೇಳಿ ಒಳಗೆ ಹೋದ. ನಾನು ಹಾಗೇ ಮಾಡಿದೆ. ಮುರಿದದ್ದನ್ನು ಬೆಸೆದು, ಎರಡು ಕಾಲನ್ನೂ ಬಾಗುವ ಗುಣ ಮರಳುವಂತೆ ಬೂದಿಯಲ್ಲಿ ಮೆಲ್ಲಗೆ ಆರಿಸಿ, ಗಾಡಿಯನ್ನು ಎರಡನೆಯ ಸಲ ಎಬ್ಬಿಸಿದೆ. ಆ ಕವಲು ಮುಂದೆ ಎಂದೂ ಮುರಿಯಲಿಲ್ಲ. ಕೆಲಸ ಕಲಿತೆ, ಹೆಸರು ಮಾಡಿದೆ. ಕಲಿಕೆಯ ಬೆಲೆಯನ್ನು ನೀನು ತೆತ್ತೆ, ಹಂಡ್ಯಾ ತೆತ್ತಿತು.

ಇಷ್ಟು ವರ್ಷ ಬಾಯಿ ಬಿಡದವನು ಈಗ ಏಕೆ ಎಂದು ಕೇಳುತ್ತೀ. ಮೊನ್ನೆ ನೀನು ಹೊಸ ಹೋರಿಗೆ ಲಾಳ ಕಟ್ಟಿಸಲು ಬಂದೆಯಲ್ಲ. ಒಳ್ಳೆಯ ಹೋರಿ, ಸಾಧು ಕಣ್ಣು. ನೀನು ಅದರ ಬೆನ್ನಿನ ಮೇಲೆ ಬೆರಳಿಟ್ಟು ತೋರಿಸಿದೆ: “ಸುಳಿ ಐತಿ ನೋಡು. ಮನ್ಯಾಗಿನವರು ಬ್ಯಾಡ ಅಂದ್ರೂ ಬರೂ ಸಂತಿಗೆ ಮಾರಾಕ ಹೊಡಕೊಂಡ ಹೊಂಟೇನಿ. ಒಮ್ಮಿ ಕಂಡೇವಲ್ಲ.” ನಾನು ತಲೆ ತಗ್ಗಿಸಿ ಲಾಳದ ಮೊಳೆ ಬಡಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನಗೆ ಅದಕ್ಕೂ ಧೈರ್ಯ ಬರಲಿಲ್ಲ. ನೀನು ಹೋದ ಮೇಲೆ ಬೆಂಕಿ ಆರುವವರೆಗೆ ಅಲ್ಲೇ ಕೂತಿದ್ದೆ.

ಸೋಮವಾರ ನೀವು ಎತ್ತು ಹೂಡುವುದಿಲ್ಲ. ಮನೆಯಲ್ಲೇ ಇರುತ್ತೀ. ಅಂದು ಬರುತ್ತೇನೆ, ಸಂತೆಗಿಂತ ಮೊದಲು. ಇದನ್ನೆಲ್ಲ ನಿನ್ನೆದುರಿಗೆ ಹೇಳಿ, ಆಮೇಲೆ ಅದೇ ಚಾವಡಿಯಲ್ಲಿ, ಅಂದಿನವರಲ್ಲಿ ಉಳಿದವರ ಮುಂದೆ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ಹೋರಿಯನ್ನು ಮಾರಬೇಡ, ಲಗಮಪ್ಪ. ಹಂಡ್ಯಾ ನಿಂತಲ್ಲೇ ನಿಂತಿತ್ತು. ನೀನು ಕಂಡದ್ದೇ ನಿಜ.